ಬೇವಿನ ಗಿಡದ ಮೇಲೆ ಸಾವಕಾರರು

ಹೋದ ತಿಂಗಳು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಕೂದಲು ನರೆತ ಹೆಂಗಸೊಬ್ಬಳು ನನ್ನನ್ನು ತಡೆದು ನಿಲ್ಲಿಸಿ, “ನೀವು ರೋಣದಾಗಿದ್ದ ಗಣಿತದ ಮಾಸ್ತರ್ರ ಹೌದಲ್ರಿ?” ಎಂದು ಕೇಳಿದಳು. ಹೌದೆಂದೆ. ಅವಳು ನೂಲಿನ ಮಾಸ್ತರರ ಎರಡನೆಯ ಮಗಳು. ನಾನು ನೋಡಿದ್ದು ಎರಡು ಜಡೆಯ ಹುಡುಗಿಯನ್ನು. ಮಾಸ್ತರರು ಹೇಗಿದ್ದಾರೆ ಎಂದು ಕೇಳಿದ್ದಕ್ಕೆ, ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಹೋದರು ಎಂದಳು. ತೊಂಬತ್ತರ ಆಸುಪಾಸಿನಲ್ಲಿದ್ದರಂತೆ. ಕೊನೆಯವರೆಗೂ ತಮ್ಮ ಅಂಗಿಯ ಗುಂಡಿ ತಾವೇ ಹಚ್ಚಿಕೊಳ್ಳುತ್ತಿದ್ದರಂತೆ.

“ಮಣ್ಣಿಗಿಡೂ ಪೆಟಗಿಗೆ ಹೊಸಾ ಕಟಗಿ ತರಬಾರ್ದಂತ ಅಪ್ಪಾರು ಮದಲ ಹೇಳಿಟ್ಟಿದ್ರು. ಸಾಲಿಯೊಳಗ ಲಿಲಾವ ಮಾಡಿದ ಹಳೇ ಬೆಂಚು ಮನ್ಯಾಗ ಇದ್ವು. ಅವನ್ನ ಬಿಚ್ಚಿ ಮಾಡಿಸಿದ್ವಿ. ಗಡಿಬಿಡಿಯೊಳಗ ಯಾರೂ ನೋಡಿದ್ದಿಲ್ಲ. ಪಾದ್ರಿಗಳು ಪ್ರಾರ್ಥನಾ ಚಾಲೂ ಮಾಡಿದ ಮ್ಯಾಲ ನೋಡ್ತೀವಿ, ಮ್ಯಾಲಿನ ಹಲಗಿಮ್ಯಾಲ ಯಾವನೋ ಹುಡುಗ ಚಾಕುಲೇ ಕೆತ್ಯಾನ, ‘ಇಲ್ಲಿ ಕೂತವನು ಕತ್ತೆ’ ಅಂತ.”

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೂ ನಗು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದವರು ನಮ್ಮಿಬ್ಬರನ್ನೂ ತಿರುಗಿ ನೋಡಿದರು. ಸಾವಿನ ಸುದ್ದಿ ಕೇಳಿ ನಕ್ಕದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಆ ಮನುಷ್ಯನ ಬಗೆಗೆ ಅಳುವುದು ಕಷ್ಟವಿತ್ತು.

ರಾಜ್ಯ ಒಂದುಗೂಡಿದ ಹೊಸತರಲ್ಲಿ ನಾನು ರೋಣದ ಶಾಲೆಗೆ ಹೋದೆ. ಮೀಸೆ ಆಗಷ್ಟೇ ನೆಟ್ಟಗೆ ಬಂದಿತ್ತು. ಆಗಿನ ಶಾಲೆಗಳಲ್ಲಿ ಮಕ್ಕಳಿಗೆ ತಕಲಿ, ಚರಕ ಹಿಡಿದು ನೂಲು ತೆಗೆಯುವುದನ್ನು ಕಲಿಸುತ್ತಿದ್ದರು. ಅದಕ್ಕೊಬ್ಬ ಬೇರೆ ಮಾಸ್ತರರು. ಊರಿಗೆಲ್ಲ ಅವರು ನೂಲಿನ ಮಾಸ್ತರರು. ಉದ್ದನೆಯ ಆಳು, ಬಾಗಿಲಲ್ಲಿ ಬಗ್ಗಿ ಬಗ್ಗಿ ಹೊರಗೆ ಬಂದ ಮೇಲೂ ಬಗ್ಗಿಯೇ ನಡೆಯುತ್ತಿದ್ದರು. ಬಗ್ಗಿ ನಡೆದರೆ ನೆಲದ ಮೇಲೆ ಬಿದ್ದದ್ದು ಕಾಣುತ್ತದೆ ಎನ್ನುವುದು ಅವರ ಸಮಜಾಯಿಷಿ. ಮೊಳೆ, ಗುಂಡಿ, ಸುತಳಿ, ಹುಣಸೆ ಬೀಜ, ಎಲ್ಲಕ್ಕೂ ಅವರ ಕಿಸೆಯಲ್ಲಿ ಜಾಗವಿತ್ತು. ನಡೆದರೆ ಗಾಡಿಯ ಎತ್ತಿನ ಹಾಗೆ ಸದ್ದಾಗುತ್ತಿತ್ತು.

ಅವರ ಸಂಸಾರವಿದ್ದ ವಾಡೆಯಲ್ಲೇ ನನಗೂ ಒಂದು ಕೋಣೆ ಸಿಕ್ಕಿತು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಸಣ್ಣ ಮಗ. ಹೆಂಡತಿ ಗದಗಿನ ಪಕ್ಕದ ಬೆಟಗೇರಿಯವರು, ನಾನು ಅಕ್ಕಾ ಎನ್ನುತ್ತಿದ್ದೆ. ಊರಿನಲ್ಲಿ ಕ್ರೈಸ್ತರ ಮನೆ ಅದೊಂದೇ. ಬೇರೆಯವರಿಗೂ ಅವರಿಗೂ ನಮಗೆ ಕಾಣುತ್ತಿದ್ದ ವ್ಯತ್ಯಾಸವೆಂದರೆ, ಅವರ ಮನೆಯಿಂದ ಕಸ ಹೊರಗೆ ಬೀಳುತ್ತಿರಲಿಲ್ಲ.

ಮಾಸ್ತರರ ಲೆಕ್ಕದಲ್ಲಿ ಪ್ರತಿ ವಸ್ತುವೂ ಸರಕಾರಿ ನೌಕರ. ಒಂದು ದಿನ ನಾನು ಹರಿದ ಅಂಗಿಯೊಂದನ್ನು ತಿಪ್ಪೆಗೆ ಒಯ್ಯುತ್ತಿದ್ದೆ. ಎದುರಿಗೆ ಬಂದು ಕೈಯಿಂದ ತೆಗೆದುಕೊಂಡರು.

“ಒಗೀಬ್ಯಾಡ್ರಿ ಮಾಸ್ತರ್ರ, ಇದರ ಸರ್ವೀಸ್ ಇನ್ನೂ ಐತಿ.”

ವಾರ ಕಳೆಯುವುದರಲ್ಲಿ ಅಂಗಿ ಚೀಲವಾಗಿತ್ತು. ಚೀಲ ಸವೆದು ಒಲೆಯ ಮೇಲಿನ ಪಾತ್ರೆ ಹಿಡಿಯುವ ಮಸಿಅರಿವೆಯಾಯಿತು. ಆಮೇಲೆ ಬತ್ತಿ. ಕೊನೆಗೆ ಅದರ ಬೂದಿಯಲ್ಲಿ ಹಲ್ಲು ತಿಕ್ಕುತ್ತ ನನಗೆ ತೋರಿಸಿದರು. ಅಂಗಿಗೆ ಬಡ್ತಿ ಸಿಕ್ಕದ್ದು ಅವರಿಗೆ ತಮಗೇ ಸಿಕ್ಕಷ್ಟು ಸಂತೋಷ.

“ಈ ಮನ್ಯಾಗ ಎಲ್ಲಾದಕ್ಕೂ ಬಡ್ತಿ ಸಿಗತೈತ್ರಿ,” ಎಂದು ಅಕ್ಕ ರೊಟ್ಟಿ ಬಡಿಯುತ್ತಲೇ ಹೇಳಿದರು. “ಬಂದ ಜಾಗಾದಾಗ ಕುಂತಾಕಿ ನಾ ಒಬ್ಬಾಕಿನ.”

ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಎಲ್ಲರೂ ಬೆಟಗೇರಿಗೆ ಹೋಗುತ್ತಿದ್ದರು. ಅಲ್ಲಿ ಅಕ್ಕನ ತಂದೆ ಇದ್ದರು. ಬಡಗಿ ಕೆಲಸ ಮಾಡಿ ನಾಲ್ಕು ಮಂದಿಯಲ್ಲಿ ಹೆಸರು ಮಾಡಿದ ಮುದುಕರು. ಅವರ ಹಬ್ಬವೆಂದರೆ ಹಬ್ಬ. ಎಲ್ಲಿಂದಲೋ ಕಡಿಸಿ ತಂದ ಸರ್ವೆ ಗಿಡ, ಹುಬ್ಬಳ್ಳಿಯ ಬಣ್ಣದ ಕಾಗದ, ಪಟಾಕಿ, ಎಲ್ಲರಿಗೂ ಹೊಸ ಬಟ್ಟೆ. ಅಳಿಯ ಜಿಪುಣನೆಂದು ಅವರಿಗೆ ಮದುವೆಯ ಮರುದಿನವೇ ಖಾತ್ರಿಯಾಗಿತ್ತು. ಮದುವೆಯ ಹಂದರದ ಹಗ್ಗವನ್ನು ಅಳಿಯನೇ ಕೂತು ಬಿಚ್ಚಿ ಸುತ್ತಿಟ್ಟಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಆ ವರ್ಷ ಮುದುಕರು ತಾವೇ ರೋಣಕ್ಕೆ ಬರುತ್ತೇನೆಂದು ಹೇಳಿ ಕಳಿಸಿದರು. ಮಗಳು ಹೇಗಿದ್ದಾಳೋ ನೋಡಬೇಕು, ಹಬ್ಬ ಹಬ್ಬದ ಹಾಗೆ ಇರದಿದ್ದರೆ ಮಗಳು ಮೊಮ್ಮಕ್ಕಳನ್ನು ಕರೆದುಕೊಂಡು ಸಿಕ್ಕ ಬಸ್ಸಿಗೆ ಬೆಟಗೇರಿಗೆ ಹೊರಡುತ್ತೇನೆ, ಅಳಿಯ ಬೇಕಾದರೆ ತನ್ನ ಸುತಳಿಯ ಜೋಡಿ ಹಬ್ಬ ಮಾಡಲಿ ಎಂದೂ ಹೇಳಿ ಕಳಿಸಿದ್ದರು.

ಮೂರನೆಯ ದಿನ ಅಕ್ಕ ಗಂಡನಿಗೆ, “ನಾ ಏನೂ ಕೇಳೂದಿಲ್ಲ. ಒಂದು ಚುಕ್ಕಿ ಕೊಂಡು ತರ್ರಿ. ಹೊಸಾದು. ಅಂಗಡ್ಯಾಗಿಂದು. ನಮ್ಮಪ್ಪನ ಮುಂದ ನನ್ನ ಮಾರಿ ಸಣ್ಣದ ಮಾಡಬ್ಯಾಡ್ರಿ,” ಎಂದರು.

ಕ್ರಿಸ್‌ಮಸ್ಸಿಗೆ ಕ್ರೈಸ್ತರು ಮನೆಯ ಮುಂದೆ ಕಾಗದದ ನಕ್ಷತ್ರ ಕಟ್ಟಿ ಒಳಗೆ ದೀಪ ಇಡುತ್ತಾರೆ. ಅದೇ ಚುಕ್ಕಿ.

“ಚುಕ್ಕಿ ಆಗತೈತಿ,” ಎಂದರು ಮಾಸ್ತರರು. ಕೊಂಡು ತರುತ್ತೇನೆ ಎನ್ನಲಿಲ್ಲ. ಅಕ್ಕನಿಗೆ ಅಷ್ಟರಲ್ಲೇ ತಿಳಿದುಹೋಯಿತು.

ಮೊದಲು ಗಿಡದ ಕೆಲಸ ಸುರುವಾಯಿತು. ವಾಡೆಯ ಅಂಗಳದಲ್ಲಿ ಒಂದು ದೊಡ್ಡ ಬೇವಿನ ಗಿಡವಿತ್ತು. ಕರಿಮಣ್ಣಿನ ಆ ಸೀಮೆಯಲ್ಲಿ ದೃಷ್ಟಿ ಹಾಯುವವರೆಗೆ ಹೊಲ. ಗಿಡವೆಂದರೆ ಊರಿನವರೆಲ್ಲ ಹೆಸರು ಹಿಡಿದು ಹೇಳುವಷ್ಟೇ ಇದ್ದವು. ಕಡಿಯುವ ಮಾತೇ ಇಲ್ಲ, ಬೇವಿನ ಗಿಡ ನಿಂತಲ್ಲೇ ಕ್ರಿಸ್‌ಮಸ್ ಗಿಡವಾಗಬೇಕೆಂದು ಮಾಸ್ತರರು ತೀರ್ಮಾನಿಸಿದರು. ಒಂದು ರವಿವಾರ ನನ್ನನ್ನೂ ಕರೆದುಕೊಂಡು ಗಜೇಂದ್ರಗಡಕ್ಕೆ ಹೋಗಿ, ನೇಕಾರರ ಓಣಿಯಲ್ಲಿ ಮಗ್ಗದ ಕೆಳಗೆ ಬಿದ್ದ ಬಣ್ಣಬಣ್ಣದ ತುಂಡು ನೂಲನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದರು. ಮಕ್ಕಳು ಕೂತು ಅವನ್ನು ಗೊಂಡೆ ಕಟ್ಟಿದರು. ಕೆಂಪು ಮೆಣಸಿನಕಾಯಿಯ ಸರ, ಸಜ್ಜೆಯ ತೆನೆಯ ಗೊಂಚಲು, ಹಿಂಜಿದ ಹತ್ತಿ. ಹತ್ತಿ ಯಾಕೆಂದು ಮಗ ಕೇಳಿದ.

“ಅದು ಹಿಮಾ. ದೂರ ದೇಶದಾಗ ಚಳಿಗಾಲಕ್ಕ ಮ್ಯಾಲಿಂದ ಬೀಳತೈತಿ.”

“ಮ್ಯಾಲ ಯಾರು ಹಿಂಜ್ತಾರು?”

ಮಾಸ್ತರರು ತುಸು ಯೋಚಿಸಿ, “ಅಲ್ಲೂ ನನ್ನಂಥಾವ ಒಬ್ಬ ಮಾಸ್ತರ ಇರಬೇಕು,” ಎಂದರು.

ಉಡುಗೊರೆಯ ಪದ್ಧತಿಯೂ ಅವರದೇ. ಹೊಸದನ್ನು ಕೊಳ್ಳುವ ಹಾಗಿಲ್ಲ. ಒಬ್ಬರ ಮುರಿದ ವಸ್ತುವನ್ನು ಇನ್ನೊಬ್ಬರು ಗುಟ್ಟಾಗಿ ರಿಪೇರಿ ಮಾಡಿ ಕೊಡಬೇಕು. ಇದರಿಂದ ಹಬ್ಬದ ಮುಂಚಿನ ವಾರ ಆ ಮನೆಯಲ್ಲಿ ಎಲ್ಲರ ಮುರಿದ ವಸ್ತುಗಳೂ ಕಾಣೆಯಾಗುತ್ತಿದ್ದವು. ಮುರಿಯದ ವಸ್ತುಗಳು ಮುರಿಯುತ್ತಿದ್ದವು. ಸಣ್ಣ ಮಗ ತನಗೆ ರಿಪೇರಿ ಮಾಡಲು ಏನೂ ಸಿಗಲಿಲ್ಲವೆಂದು ನನ್ನ ಚಪ್ಪಲಿಯ ಉಂಗುಟ ಕಿತ್ತು, ಮತ್ತೆ ಹೊಲಿದು ತಂದುಕೊಟ್ಟ.

ಇನ್ನು ಚುಕ್ಕಿ. ಅದನ್ನು ಹೇಳಬೇಕಾದರೆ ವಾಡೆಯ ಮಾಲಕರ ಮಾತು ಬರಬೇಕು. ಅವರು ಹತ್ತಿ, ಶೇಂಗಾದ ಅಡತಿ ವ್ಯಾಪಾರದ ಸಾವಕಾರರು. ಅದೇ ದೀಪಾವಳಿಯ ಹಿಂದೆ ಮುಂದೆ ಊರಿನಲ್ಲಿ ಮುನಸಿಪಾಲ್ಟಿಯ ಇಲೆಕ್ಷನ್ ಆಗಿತ್ತು. ಸಾವಕಾರರು ಕೊಡೆಯ ಗುರುತಿಗೆ ನಿಂತು, ಗದಗಿನಲ್ಲಿ ತಮ್ಮ ಮುಖದ ಬ್ಲಾಕ್ ಮಾಡಿಸಿ ದೊಡ್ಡ ದೊಡ್ಡ ಪೋಸ್ಟರು ಅಚ್ಚು ಹಾಕಿಸಿದ್ದರು. ರೋಣದಲ್ಲಿ ಮನುಷ್ಯನ ಮುಖ ಅಷ್ಟು ದೊಡ್ಡದಾಗಿ ಕಂಡದ್ದು ಅದೇ ಮೊದಲು. ಸೋತರು. ಅವತ್ತಿನಿಂದ ಮನೆಬಿಟ್ಟು ಹೊರಗೆ ಬಂದಿರಲಿಲ್ಲ. ಅವರ ಮನೆಯ ಮುಂದೆ ಹಾಯುವಾಗ ಜನ ಕೊಡೆ ಇದ್ದರೆ ಬಗಲಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ಮಾಲಕರ ಆಳು ಉಳಿದ ಪೋಸ್ಟರಿನ ಒಂದು ಕಟ್ಟನ್ನು ತಂದು ವಾಡೆಯ ಹಿಂದಿನ ತಿಪ್ಪೆಗೆ ಒಗೆದು ಹೋಗಿದ್ದ. ತಿಪ್ಪೆಗೆ ಬಿದ್ದದ್ದು ನಮ್ಮ ಮಾಸ್ತರರ ಕಣ್ಣಿಗೆ ಬೀಳದೆ ಇರುತ್ತದೆಯೇ.

ಜೋಳದ ದಂಟು ಸೀಳಿ ಆಳೆತ್ತರದ ಚೌಕಟ್ಟು ಕಟ್ಟಿದರು. ಪೋಸ್ಟರುಗಳ ಅಚ್ಚಾದ ಬದಿಯನ್ನು ಒಳಗೆ ಮಾಡಿ, ಖಾಲಿ ಬದಿಯನ್ನು ಹೊರಗೆ ಮಾಡಿ ಅಂಟಿಸಿದರು. ಬೆಳಕು ಚಲೋ ಹಾಯಲೆಂದು ಮೇಲೆ ತೆಳ್ಳಗೆ ಎಣ್ಣೆ ಸವರಿದರು. ಹಗಲಲ್ಲಿ ನೋಡಿದರೆ ಬೆಣ್ಣೆಯಂಥ ಬಿಳಿ ಚುಕ್ಕಿ. ಅಕ್ಕ ಸುತ್ತಲೂ ತಿರುಗಿ ನೋಡಿ, ಕೊಂಡದ್ದಲ್ಲವೆಂದು ಗೊತ್ತಿದ್ದೂ ಒಂದು ಮೂಲೆಯ ಸುಕ್ಕನ್ನು ಬೆರಳಿಂದ ತೀಡಿದರು. ಅಂದರೆ ಒಪ್ಪಿದರು.

ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಮುದುಕರು ಬಂದರು. ಕರಿ ಕೋಟು, ಬಿಳಿ ಪಟಕ, ಕೈಯಲ್ಲಿ ಕೋಲು. ಅಂಗಳಕ್ಕೆ ಬಂದವರು ಹಾಗೇ ನಿಂತರು. ಸಜ್ಜೆಯ ತೆನೆಯ ಸುದ್ದಿ ಅಷ್ಟರಲ್ಲಿ ತಾಲೂಕಿನ ಗುಬ್ಬಿಗಳಿಗೆಲ್ಲ ಮುಟ್ಟಿತ್ತು. ಗಿಡದಲ್ಲಿ ಎಲೆಗಿಂತ ಗುಬ್ಬಿ ಹೆಚ್ಚಾಗಿದ್ದವು. ಕೆಳಗಿನ ಟೊಂಗೆಯ ಗೊಂಡೆಗಳನ್ನು ಪಕ್ಕದ ಮನೆಯ ಆಡು ಹಿಂಗಾಲ ಮೇಲೆ ನಿಂತು ತಿನ್ನುತ್ತಿತ್ತು.

“ಅಳಿಯಂದ್ರ, ಕ್ರಿಸ್‌ಮಸ್ ಗಿಡಾ ಎಲ್ಲೈತ್ರಿ?”

“ಇಲ್ಲೇ ನಿಂತೈತಲ್ರಿ ಮಾವಾರ. ಹುಟ್ಟಿದಾಗಿಂದ ಇಲ್ಲೇ ನಿಂತೈತಿ.”

“ಇದು ಗುಬ್ಬೀ ಸಂತಿ.”

“ಹಬ್ಬಕ್ಕ ಬಂದಾವ್ರಿ.”

“ನಮ್ಮ ಕಡೆ ಸರ್ವಿ ಗಿಡಾ ಕಡದು ತಂದು ನಡಮನ್ಯಾಗ ನಿಲ್ಲಸ್ತೇವಿ.”

“ಅದು ಹಬ್ಬಾ ಮುಗಿಯೂದ್ರೊಳಗ ಒಣಗತೈತ್ರಿ ಮಾವಾರ. ಕೂಸು ಹುಟ್ಟಿದ ಮನ್ಯಾಗ ಸಾಯೂ ಗಿಡಾ ಯಾಕ ನಿಲ್ಲಸಬೇಕ್ರಿ?”

ಮುದುಕರು ಆಯುಷ್ಯವೆಲ್ಲ ಕಟ್ಟಿಗೆಯಲ್ಲಿ ಕಳೆದವರು. ಕೋಲೂರಿಕೊಂಡು ಗಿಡದ ಬೊಡ್ಡೆಯನ್ನು ಕೈಯಿಂದ ಸವರಿ ನೋಡಿದರು. ಅಷ್ಟರಲ್ಲಿ ಮೇಲಿಂದ ಒಂದು ಗುಬ್ಬಿ ಕರಿ ಕೋಟಿನ ಹೆಗಲ ಮೇಲೆ ತನ್ನ ಅಭಿಪ್ರಾಯ ತಿಳಿಸಿತು. ಮುದುಕರು ಮಗಳ ಕಡೆ ತಿರುಗಿ, “ಸಂಜಿಗೆ ಗದಗಿನ ಬಸ್ಸು ಎಷ್ಟಕ್ಕೈತಿ?” ಎಂದು ಕೇಳಿದರು.

“ಚುಕ್ಕಿ ನೋಡಿ ಹೋಗೂಣಂತ ಕೂಡಪ್ಪಾ,” ಎಂದು ಅಕ್ಕ ಹೇಳಿದರು. ಒಳಗೆ ಹೋಗಿ ಕರ್ಚೀಕಾಯಿ ಕರಿಯತೊಡಗಿದರು. ಮಾಸ್ತರರು ಬೆಳಿಗ್ಗೆಯೇ ಮಕ್ಕಳಿಂದ ಮುತ್ತಲೆಲೆ ಹಚ್ಚಿಸಿ ತಟ್ಟೆ ಮಾಡಿಸಿದ್ದರು. ತಿಂದಾದ ಮೇಲೆ ಎಲೆ ಎಮ್ಮೆಗೆ.

ಹೊತ್ತು ಮುಳುಗಿತು. ಚುಕ್ಕಿಯನ್ನು ಗಿಡದ ನಡುವೆ ಕಟ್ಟಬೇಕೆಂದು ಮಕ್ಕಳ ಆಸೆ. ಗುಬ್ಬಿಗಳಿಗೆ ಬೆಳಕಿನಲ್ಲಿ ನಿದ್ದೆ ಬರುವುದಿಲ್ಲವೆಂದು ಮಾಸ್ತರರು ಬೀದಿಯ ಕಡೆ ಚಾಚಿದ ಟೊಂಗೆಗೆ ಬಾವಿಯ ಹಗ್ಗ ಹಾಕಿದರು. ಒಳಗೆ ಸಣ್ಣ ಕಂದೀಲು ಹಚ್ಚಿಟ್ಟು, ನಾನೂ ಅವರೂ ಎಳೆದೆವು. ಚುಕ್ಕಿ ಗೋಡೆಯ ಮೇಲಕ್ಕೆ ಹೋಗಿ, ಬೀದಿಯ ನಡುಮಧ್ಯೆ ನಿಂತಿತು. ಮಕ್ಕಳು ಹಾಡು ಸುರು ಮಾಡಿದರು. ಮಾಸ್ತರರು ಬೇರೆ ಯಾವುದೋ ಧಾಟಿಯಲ್ಲಿ ಕೂಡಿಕೊಂಡರು.

ಅಕ್ಕನೇ ಮೊದಲು ಕಂಡದ್ದು. ಅವರ ಕೈಯಲ್ಲಿದ್ದ ಕರಿಯುವ ಜಾಲರಿ ಹಾಗೇ ನಿಂತಿತು.

ಹೊರಗೆ ಕತ್ತಲು, ಒಳಗೆ ದೀಪ. ಒಳಬದಿಯ ಅಚ್ಚೆಲ್ಲ ಹೊರಗೆ ಮೂಡಿತ್ತು. ಚುಕ್ಕಿಯ ಒಂದೊಂದು ಮೂಲೆಯಲ್ಲೂ ಒಬ್ಬೊಬ್ಬ ಸಾವಕಾರರು. ಪಟಕ, ಹುರಿ ಮೀಸೆ, ಮುಗುಳುನಗೆ, ಪಕ್ಕದಲ್ಲಿ ಕೊಡೆ. ಗಾಳಿಗೆ ಚುಕ್ಕಿ ತಿರುಗಿದ ಹಾಗೆ ಸಾವಕಾರರು ಬೀದಿಯ ಎಲ್ಲ ಮನೆಗಳ ಕಡೆಗೂ ನಗುತ್ತ ಮತ ಕೇಳುತ್ತಿದ್ದರು.

ಜನ ಸೇರಲು ತಡವಾಗಲಿಲ್ಲ. “ಸಾವ್ಕಾರ್ರು ಗಿಡಾ ಏರ್ಯಾರ” ಎಂದು ಯಾರೋ ಅಂದರು. ಗೆದ್ದವರ ಕಡೆಯವರು ಬಾಯಿಗೆ ಪಂಚೆ ಹಿಡಿದು ನಕ್ಕರು. ನಾನು ಹಗ್ಗ ಇಳಿಸಲು ಹೋದೆ, ಗಂಟು ಸಿಕ್ಕಿಕೊಂಡಿತ್ತು. ಮಾಸ್ತರರು ಮಾತ್ರ ಮೇಲೆ ನೋಡಿ, “ಮಸಿ ಭಾಳ ಚಲೋದು ಹಾಕ್ಯಾರ್ರಿ,” ಎಂದರು.

ಅಷ್ಟರಲ್ಲಿ ಗುಂಪು ಸರಿದು ದಾರಿ ಬಿಟ್ಟಿತು. ಸಾವಕಾರರು ಬರುತ್ತಿದ್ದರು. ಶಾಲು ಹೊದ್ದಿದ್ದರು, ಗಡ್ಡ ಬೆಳೆದಿತ್ತು. ಸೋತ ಮೇಲೆ ಅವರ ಮುಖವನ್ನು ಊರು ಅದೇ ಮೊದಲು ನೋಡುತ್ತಿತ್ತು, ಅದೂ ಮೇಲೊಂದು ಕೆಳಗೊಂದು. ಅವರು ಮನಸ್ಸು ಮಾಡಿದರೆ ಮಾಸ್ತರರ ಸಾಮಾನಿನ ಜೋಡಿ ನನ್ನ ಟ್ರಂಕೂ ಅವತ್ತೇ ಬೀದಿಗೆ ಬರುವುದಿತ್ತು.

“ಯಾರು ಮಾಡಿದ್ದು ಇದನ್ನ?”

“ನಾನ್ರಿ ಸಾವ್ಕಾರ್ರ,” ಎಂದರು ಮಾಸ್ತರರು. “ಕಾಗದ ಭಾಳ ಚಲೋ ಇತ್ರಿ. ತಿಪ್ಪಿಗೆ ಬಿಡಾಕ ಮನಸ್ಸ ಬರಲಿಲ್ಲ.”

“ಮಂದಿ ನನ್ನ ತಿಪ್ಪಿಗೆ ಒಗದ್ರು. ನೀವು ಎತ್ತಿ ಗಿಡಕ್ಕ ನೇತ ಹಾಕಿದ್ರಿ.” ಸಾವಕಾರರು ಹತ್ತಿರ ಬಂದು, “ಖರೇ ಹೇಳ್ರಿ ಮಾಸ್ತರ, ನನಗ ವೋಟ ಹಾಕಿದ್ರಿ ಇಲ್ಲೋ?” ಎಂದು ಕೇಳಿದರು.

ಹೂಂ ಎಂದರೆ ಮುಗಿಯುತ್ತಿತ್ತು. ನಾನು ಹಿಂದಿನಿಂದ ಅವರ ಅಂಗಿ ಜಗ್ಗಿದೆ.

“ಇಲ್ರಿ,” ಎಂದರು ಮಾಸ್ತರರು. “ಬಾವಿ ಹತ್ರದ ಹುಣಸೀ ಗಿಡಾ ಕಡಿಸಿ ರಸ್ತೆ ಅಗಲ ಮಾಡಸ್ತೀನಂತ ಭಾಷಣದಾಗ ಹೇಳಿದ್ರಿ. ಅದಕ್ಕ ಹಾಕಲಿಲ್ಲ.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಸಾವಕಾರರ ಆಳು ಒಂದು ಹೆಜ್ಜೆ ಮುಂದೆ ಬಂದ. ಆಗ ಕೋಲೂರಿಕೊಂಡು ಮುದುಕರು ನಡುವೆ ಬಂದು ನಿಂತರು. ಹೆಗಲ ಮೇಲೆ ಗುಬ್ಬಿಯ ಕಲೆ ಹಾಗೇ ಇತ್ತು.

“ಸಾವ್ಕಾರ್ರ, ನಾ ಇವರ ಮಾವ. ಪರಊರಾಂವ. ನಮ್ಮ ಹಬ್ಬದ ಕತಿಯೊಳಗ ಒಂದು ಚುಕ್ಕಿ ಬರತೈತ್ರಿ. ಅದನ್ನ ನೋಡಿಕೋತ ದೂರದಿಂದ ದೊಡ್ಡ ಮನುಷ್ಯಾರು ಕೂಸಿನ ಮನಿಗೆ ಬಂದ್ರು. ನಾ ಬೆಟಗೇರ್ಯಾಗ ಇಷ್ಟ ವರ್ಷ ಹುಬ್ಬಳ್ಳಿ ಚುಕ್ಕಿ ಕಟ್ಟೇನಿ. ಒಬ್ಬ ದೊಡ್ಡ ಮನುಷ್ಯಾನೂ ಬರಲಿಲ್ಲ. ನಮ್ಮ ಅಳಿಯಂದ್ರ ಚುಕ್ಕಿ ನೋಡಿ ನೀವು ಬಂದ್ರಿ.”

ಸಾವಕಾರರು ಮುದುಕರನ್ನು ಮೇಲೆ ಕೆಳಗೆ ನೋಡಿದರು. “ಆ ದೊಡ್ಡ ಮನುಷ್ಯಾರು ಏನು ಇಲೆಕ್ಷನ್‌ಗೆ ನಿಂತಿದ್ರೇನು?”

“ಇಲ್ರಿ,” ಎಂದರು ಮುದುಕರು. “ಅವರು ಶ್ಯಾಣ್ಯಾರಿದ್ರು.”

ಗೆದ್ದವರ ಕಡೆಯವರು ಮತ್ತೆ ಪಂಚೆಯ ತುದಿ ಬಾಯಿಗೆ ತುರುಕಿಕೊಂಡರು. ಮುದುಕರಿಗೂ ತಾವು ಏನು ಹೇಳಿದೆವೆಂದು ಆಗಲೇ ಹೊಳೆದಿರಬೇಕು, ಕೋಲನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡರು. ಮೊದಲು ಸಾವಕಾರರ ಹೊಟ್ಟೆ ಅಲುಗಿತು. ಆಮೇಲೆ ಶಾಲು ಅಲುಗಿತು. ಆಮೇಲೆ ಅವರು ಕಟ್ಟೆಯ ಮೇಲೆ ಕೂತುಬಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕೆಲವರು ಹೇಳುವ ಪ್ರಕಾರ ಆ ನೀರೆಲ್ಲ ನಗುವಿನದಲ್ಲ. ನನಗೆ ಗೊತ್ತಿಲ್ಲ, ಬೆಳಕು ಕಡಿಮೆ ಇತ್ತು.

ಅಕ್ಕ ಮುತ್ತಲೆಲೆಯಲ್ಲಿ ಕರ್ಚೀಕಾಯಿ ತಂದು ಮುಂದಿಟ್ಟು, “ತಗೋರಿ ಸಾವ್ಕಾರ್ರ, ಬಾಯಿ ಸಿಹಿ ಮಾಡ್ಕೋರಿ,” ಎಂದರು. ಅವರು ತಿಂದರು, ಇನ್ನೊಂದು ಕೇಳಿ ತಿಂದರು. ಮೇಲೆ ನೋಡಿ, ಮುಖ ತಿರುವುಮುರುವಾಗಿದೆ, ಎಡಗಡೆಯ ಮಚ್ಚೆ ಬಲಕ್ಕೆ ಬಂದಿದೆ ಎಂದು ಆಕ್ಷೇಪಿಸಿದರು. ಮಾಸ್ತರರು ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಮುಂದಿನ ವರ್ಷ ನೆಟ್ಟಗೆ ಮಾಡುವುದಾಗಿ ಮಾತು ಕೊಟ್ಟರು. ಗೆದ್ದವರ ಕಡೆಯವರೂ ಒಬ್ಬೊಬ್ಬರಾಗಿ ಬಂದು ಸಾವಕಾರರಿಗೆ ನಮಸ್ಕಾರ ಮಾಡಿ ಎಲೆ ಹಿಡಿದು ಕೂತರು. ದೀಪ ಸಣ್ಣದಾಗತೊಡಗಿದಾಗ ಸಾವಕಾರರು ಆಳನ್ನು ಕರೆದು, “ನಮ್ಮ ಮನಿಂದ ಎಣ್ಣಿ ತಗೊಂಡು ಬಾ. ಡಬ್ಬಿನ ತಾ,” ಎಂದರು. ಬಸ್ಸಿನ ಮಾತು ಮುದುಕರು ಮತ್ತೆ ಎತ್ತಲಿಲ್ಲ. ಗದಗಿನ ಬಸ್ಸು ಆಗಲೇ ಊರು ಬಿಟ್ಟಿತ್ತು, ಅದನ್ನು ಯಾರೂ ಅವರಿಗೆ ಹೇಳಲೂ ಇಲ್ಲ.

ಮರುದಿನ ಮುಂಜಾನೆ, ಹಬ್ಬದ ಊಟಕ್ಕೆ ಮೊದಲು, ವಾಡೆಯ ಬಾಗಿಲಿಗೆ ಒಂದು ಚಕ್ಕಡಿ ಬಂತು. ಅದರ ತುಂಬ ಪೋಸ್ಟರಿನ ಕಟ್ಟುಗಳು. ಸಾವಕಾರರ ಮನೆಯಲ್ಲಿ ಒಂದು ಕೋಣೆ ತುಂಬ ಉಳಿದಿದ್ದವಂತೆ. ಮಾಸ್ತರರ ಮುಖ ಅವತ್ತು ಅರಳಿದ ಹಾಗೆ ನಾನು ಮತ್ತೆಂದೂ ನೋಡಲಿಲ್ಲ. ಆಮೇಲೆ ನಾನು ಆ ಊರಿನಲ್ಲಿ ಇರುವ ತನಕ ಅವರ ಮಕ್ಕಳ ಪುಸ್ತಕದ ರಟ್ಟಿಗೆ, ಗೋಡೆಯ ಮಾಡದ ಹಲಗೆಗೆ, ಹಿಟ್ಟಿನ ಡಬ್ಬಿಯ ಮುಚ್ಚಳಕ್ಕೆ, ಗಾಳಿಪಟಕ್ಕೆ, ಎಲ್ಲದಕ್ಕೂ ಸಾವಕಾರರೇ. ನನ್ನ ಮದುವೆಗೆ ಮಾಸ್ತರರು ಕೊಟ್ಟ ಉಡುಗೊರೆಯನ್ನು ಬಿಚ್ಚುವಾಗ ಮೊದಲು ಕಂಡದ್ದು ಅವರದೇ ಮೀಸೆ. ನನ್ನ ಹೆಂಡತಿ ಬೆಚ್ಚಿಬಿದ್ದಳು. ಹುಣಸೆ ಗಿಡದ ಸಂಗತಿಯನ್ನು ಸಾವಕಾರರು ಮತ್ತೆ ಎತ್ತಲಿಲ್ಲ. ಗೆದ್ದವರೇ ಮುಂದೆ ಅದನ್ನು ಕಡಿಸಲು ಹೊರಟಾಗ ತಡೆಯಲು ಹೋದವರಲ್ಲಿ ಸಾವಕಾರರೂ ಇದ್ದರಂತೆ. ಆಗ ನಾನು ವರ್ಗವಾಗಿ ನರಗುಂದಕ್ಕೆ ಹೋಗಿದ್ದೆ, ಕೇಳಿದ ಮಾತು.

ಮುದುಕರು ಒಂದು ದಿನಕ್ಕೆಂದು ಬಂದವರು ವಾರ ಇದ್ದರು. ಅಳಿಯನ ಜೋಡಿ ಕೂತು ಹಳೆಯ ಕಿಟಕಿಯೊಂದನ್ನು ತೊಟ್ಟಿಲು ಮಾಡಿದರು. ಯಾರಿಗೆ ತೊಟ್ಟಿಲು ಎಂದು ಅಕ್ಕ ಕೇಳಿದ್ದಕ್ಕೆ ಇಬ್ಬರೂ ಇನ್ನೊಂದೊಂದು ಮೊಳೆ ಹೊಡೆದರು. ಹೊರಡುವ ಮುಂಜಾನೆ ನಾವೆಲ್ಲ ಬಸ್ ನಿಲ್ಲುವ ಕಡೆ ಕಳಿಸಲು ಹೋದೆವು. ಮುದುಕರ ಕೈಯಲ್ಲಿ ಬಾಯಿ ಒಡೆದ ಒಂದು ಗಡಿಗೆ, ಅದರಲ್ಲಿ ಗೇಣುದ್ದದ ಬೇವಿನ ಸಸಿ. ದೊಡ್ಡ ಗಿಡದ ಕೆಳಗೆ ಹುಟ್ಟಿದ್ದನ್ನು ಮಣ್ಣು ಸಮೇತ ಎಬ್ಬಿಸಿ ಅವರೇ ಹಾಕಿಕೊಂಡಿದ್ದರು.

ಕಂಡಕ್ಟರು ಗಡಿಗೆ ನೋಡಿ, “ಅಜ್ಜಾರ, ಇದನ್ನ ಟಾಪಿನ ಮ್ಯಾಲ ಹಾಕ್ರಿ,” ಎಂದ.

“ಹಾಕೂದಿಲ್ಲ. ಮ್ಯಾಲ ಗಾಳಿ ಬಡೀತೈತಿ.”

“ಸೀಟಿನ ಮ್ಯಾಲ ಇಡಾಕ ಬರೂದಿಲ್ರಿ. ಮಂದಿ ಕೂಡೂ ಜಾಗಾ.”

“ತೊಡೀಮ್ಯಾಲ ಇಟ್ಕೋತೇನಿ.”

“ಸೀಟಿನೊಳಗ ಇಟ್ರ ತಿಕೀಟ ಹರೀಬೇಕಾಗತೈತ್ರಿ ಮತ್ತ.”

ಮುದುಕರು ಕೋಟಿನ ಒಳಗಿಸೆಗೆ ಕೈ ಹಾಕಿದರು. “ಹರಿ. ಆದ್ರ ಅರ್ಧಾ ಹರಿ. ಇನ್ನೂ ಸಣ್ಣದೈತಿ.”

ಕಂಡಕ್ಟರು ಮುದುಕರ ಮುಖ ನೋಡಿದ, ಸಸಿಯ ಮುಖ ನೋಡಿದ, ಅರ್ಧ ಟಿಕೀಟು ಹರಿದುಕೊಟ್ಟ. ಅಕ್ಕ ನನ್ನ ಕಡೆ ತಿರುಗಿ, “ನೋಡ್ರಿ ಮಾಸ್ತರ್ರ, ನಮ್ಮಪ್ಪಗೂ ಹತ್ತಿತು ಇವರ ರೋಗ,” ಎಂದು ಹೇಳುತ್ತಲೇ ಗಂಡನ ಅಂಗಿಯ ತೋಳನ್ನು ಎಲ್ಲರೆದುರಿಗೇ ಹಿಡಿದುಕೊಂಡರು. ಬಸ್ಸು ಹೊರಟಿತು. ಮುದುಕರು ಎರಡೂ ಕೈಯಿಂದ ಗಡಿಗೆ ಹಿಡಿದು ಕೂತದ್ದರಿಂದ ನಮ್ಮತ್ತ ಕೈ ಮಾಡಲಿಲ್ಲ. ಕಿಟಕಿಯಿಂದ ಬೇವಿನ ನಾಲ್ಕೆಲೆ ಮಾತ್ರ ಹೊರಗೆ ಬಂದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಮಕ್ಕಳು ಅವಕ್ಕೇ ಕೈ ಬೀಸಿದರು, ನಾವೂ ಬೀಸಿದೆವು.